ದನಿ ಉಳಿಯುವ ಮನೆ

ನಮ್ಮ ಊರಿನಲ್ಲಿ ದಾರಿ ಮನುಷ್ಯರ ದನಿಯನ್ನು ತೆಗೆದುಕೊಳ್ಳುತ್ತದೆ. ಸ್ವಲ್ಪ ದೂರ ಹೋದರೆ ಸ್ವಲ್ಪ, ಬಹಳ ದೂರ ಹೋದರೆ ಬಹಳ. ನಡೆದು ಹೋದರೂ ಅಷ್ಟೇ, ಜಟಕಾ ಹತ್ತಿ ಹೋದರೂ ಅಷ್ಟೇ. ಪಡುವಣ ತುದಿಯ ಹೆಂಚಿನ ಕಾರ್ಖಾನೆಯಿಂದ ಮೂಡಣ ತುದಿಯ ಬಳೆ ಕೇರಿಯವರೆಗೆ ಹೋದವರಿಗೆ ಇಳಿಯುವ ಹೊತ್ತಿಗೆ ಕೆಮ್ಮಿದರೂ ಸದ್ದಿರುವುದಿಲ್ಲ. ಒಂದು ನಿದ್ದೆ ತೆಗೆದರೆ, ಇಲ್ಲವೇ ಒಂದೇ ಕಡೆ ಅರ್ಧ ದಿನ ಇದ್ದರೆ ದನಿ ತಾನಾಗಿ ಮರಳುತ್ತದೆ. ಹಾಗಾಗಿ ನಮ್ಮಲ್ಲಿ ಮದುವೆಯ ಮಾತುಕತೆ ಬೆಳಗ್ಗೆಯೇ ಆಗಬೇಕು, ಬೀಗರು ಹಿಂದಿನ ದಿನವೇ ಬಂದು ಮಲಗಿರಬೇಕು. ಸಂಜೆ ಪೇಟೆಯಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ಚಪ್ಪಾಳೆ ತಟ್ಟುತ್ತಾರೆ. ಮೇಷ್ಟರುಗಳು ಶಾಲೆಯ ಗೋಡೆಗೆ ಅಂಟಿಕೊಂಡೇ ಮನೆ ಮಾಡುತ್ತಾರೆ. ಅತ್ತೆಯ ಜೊತೆ ಮಾತು ಬೇಡವೆಂದು ಬೇಕೆಂದೇ ದೂರದ ಕೆಲಸ ಹುಡುಕಿಕೊಂಡ ಸೊಸೆಯರೂ ಇದ್ದಾರೆ. ಅವರನ್ನು ನಾನು ಬಲ್ಲೆ, ಹೆಸರು ಹೇಳುವುದಿಲ್ಲ.

ನಾನು ಈ ಊರಿನಲ್ಲಿ ಮನೆ ತೋರಿಸುವವಳು. ಹೆಸರು ದಾಕ್ಷಾಯಿಣಿ, ಮನೆ ದಾಕ್ಷಾಯಿಣಕ್ಕ ಎಂದರೆ ಎಲ್ಲರಿಗೂ ಗೊತ್ತು. ಗಂಡ ತೀರಿಕೊಂಡ ಮೇಲೆ ಈ ಕೆಲಸ ಹಿಡಿದೆ. ಬೆಳಗಿನಿಂದ ಬೀದಿ ಬೀದಿ ಸುತ್ತಬೇಕಾದ್ದರಿಂದ ಊಟದ ಹೊತ್ತಿಗೆ ನನ್ನ ಗಂಟಲು ಬರಿದಾಗಿರುತ್ತದೆ. ಆಮೇಲೆ ಬೆರಳು ತೋರಿಸುತ್ತೇನೆ: ಇದು ಅಡುಗೆಮನೆ, ಇದು ಬಚ್ಚಲು, ಇಲ್ಲಿ ಸೋರುತ್ತದೆ. ಸಂಜೆ ನನ್ನ ಮಾತಿಗೆ ಕಾಯುವವರು ಮನೆಯಲ್ಲಿ ಯಾರೂ ಇಲ್ಲದ್ದರಿಂದ ಕೆಲಸ ನನಗೆ ಒಗ್ಗಿತು.

ಮನೆ ಬೇಕೆಂದು ಬಂದವರು ನೀರಿದೆಯೇ, ಗಾಳಿ ಬೆಳಕಿದೆಯೇ, ಬಾಡಿಗೆ ಎಷ್ಟು ಎಂದು ಕೇಳುತ್ತಾರೆ. ನಾನು ಮೊದಲು ಕೇಳುವುದೇ ಬೇರೆ. ಕೆಲಸ ಎಲ್ಲಿ, ಸಂಜೆ ಮನೆಗೆ ಬಂದ ಮೇಲೆ ಯಾರ ಹತ್ತಿರ ಮಾತಾಡಬೇಕು? ಕೆಲವರು ನಗುತ್ತಾರೆ. ಒಬ್ಬ ನೂಲಿನ ವ್ಯಾಪಾರಿ ಹಾಗೆ ನಕ್ಕು, ಊರಾಚೆಯ ದೊಡ್ಡ ಹಿತ್ತಿಲಿನ ಮನೆಯನ್ನೇ ಹಿಡಿದರು. ಮನೆಯ ಬಾಡಿಗೆ ಕಡಿಮೆ, ದಾರಿಯ ಬಾಡಿಗೆ ಹೆಚ್ಚು ಎಂದು ನಾನು ಹೇಳಿದ್ದು ಅವರ ಕಿವಿಗೆ ಹೋಗಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ತಿರುಗಿ ಬಂದರು. ದಿನವೂ ಮಾತಿಲ್ಲದೆ ಮನೆಗೆ ಬರುವ ಅಪ್ಪನಿಗೆ ತನ್ನ ಮೇಲೆ ಕೋಪ ಎಂದುಕೊಂಡು ಅವರ ಚಿಕ್ಕ ಮಗಳು ಬಾಗಿಲ ಹಿಂದೆ ಅಡಗಿ ನಿಲ್ಲತೊಡಗಿದ್ದಳಂತೆ. ಈಗ ಅಂಗಡಿಯ ಮಹಡಿಯ ಮೇಲಿನ ಸಣ್ಣ ಜಾಗದಲ್ಲಿ ಇದ್ದಾರೆ. ಮಗಳು ಇಡೀ ಬೀದಿಗೆ ಕೇಳುವಂತೆ ಅಪ್ಪನ ಹತ್ತಿರ ಹಟ ಮಾಡುತ್ತಾಳೆ.

ಮಲ್ಲಾಜಮ್ಮ ಮತ್ತು ಶಂಭಯ್ಯ ನನ್ನ ಬಳಿ ಬಂದದ್ದು ಒಂದು ಸೋಮವಾರ ಬೆಳಗ್ಗೆ. ಇಬ್ಬರಿಗೂ ನಲವತ್ತು ದಾಟಿತ್ತು, ಮದುವೆ ಮಾತ್ರ ಹೊಸದು. ಮಲ್ಲಾಜಮ್ಮ ಬಳೆ ಕೇರಿಯ ಕುಲುಮೆಯಲ್ಲಿ ಗಾಜು ಎಳೆಯುವವಳು. ಶಂಭಯ್ಯನಿಗೆ ಹುಟ್ಟಿನಿಂದ ಕಣ್ಣಿಲ್ಲ. ಹೆಂಚಿನ ಕಾರ್ಖಾನೆಯಲ್ಲಿ ಸುಟ್ಟು ಬಂದ ಹೆಂಚುಗಳನ್ನು ಒಂದೊಂದಾಗಿ ಬೆರಳಿನಿಂದ ಬಡಿದು, ಸದ್ದು ಕೇಳಿ, ಒಳಗೆ ಬಿರುಕಿದ್ದದ್ದನ್ನು ಬದಿಗಿಡುವುದು ಅವನ ಕೆಲಸ. ಕುಲುಮೆಯ ಮಾಡಿಗೆ ಹೆಂಚು ತರಲು ಹೋದಾಗ ಮಲ್ಲಾಜಮ್ಮ ಅವನನ್ನು ಮೊದಲು ನೋಡಿದ್ದು. ದಾರಿ ಅವಳ ದನಿಯನ್ನೆಲ್ಲ ತೆಗೆದುಕೊಂಡಿತ್ತು. ಬೆಲೆ ಕೇಳಲಾಗದೆ ನಿಂತವಳ ಬಳೆಗಳ ಸದ್ದು ಕೇಳಿ ಅವನೇ ಮಾತಾಡಿಸಿದ್ದ. ಅವಳು ತನ್ನ ದನಿ ಬರಲೆಂದು ಮಧ್ಯಾಹ್ನದವರೆಗೆ ಅಲ್ಲಿಯೇ ಕಾದು ಕೂತು, ಉತ್ತರ ಕೊಟ್ಟು ಬಂದಳಂತೆ. ಮದುವೆಯಾದ ಮೇಲೂ ಅವಳು ಬಳೆ ಕೇರಿಯ ತನ್ನ ಕೋಣೆಯಲ್ಲಿ, ಅವನು ಕಾರ್ಖಾನೆಯ ವಠಾರದಲ್ಲಿ ಇದ್ದರು. ವಾರದ ರಜೆಗೆ ಒಬ್ಬರು ಇನ್ನೊಬ್ಬರಲ್ಲಿಗೆ ಹೋಗುತ್ತಿದ್ದರು. ಹೋದ ದಿನ ಮಾತಿಲ್ಲ. ಮರುದಿನ ಬೆಳಗ್ಗೆ ಒಂದಿಷ್ಟು ಮಾತಾಡಿ ಹೊರಡಬೇಕು.

“ನಾವಿಬ್ರೂ ಬರೀ ಬೆಳಗಿನ ಹೊತ್ತಿನ ಗಂಡ ಹೆಂಡ್ತಿ ಆಗೋಗಿದೀವಿ ಅಕ್ಕ,” ಎಂದಳು ಮಲ್ಲಾಜಮ್ಮ. “ಸಂಜೆ ಹೊತ್ತು ಒಂದಾಗಿರೋ ಹಂಗೆ ಒಂದು ಮನೆ ತೋರಿಸಿ.”

ನಾನು ಅವರಿಗೆ ನನಗೆ ತಿಳಿದಷ್ಟನ್ನು ಬಿಡಿಸಿ ಹೇಳಿದೆ. ಕಾರ್ಖಾನೆಯ ಪಕ್ಕ ಮನೆ ಮಾಡಿದರೆ ಮಲ್ಲಾಜಮ್ಮ ದಿನವೂ ದನಿಯಿಲ್ಲದೆ ಮನೆಗೆ ಬರುತ್ತಾಳೆ. ಬಳೆ ಕೇರಿಯಲ್ಲಿ ಮಾಡಿದರೆ ಶಂಭಯ್ಯ ಹಾಗೆ ಬರುತ್ತಾನೆ. ಊರ ನಡುವೆ ಮಾಡಿದರೆ ಇಬ್ಬರಿಗೂ ಅರ್ಧರ್ಧ ದನಿ ಉಳಿಯುತ್ತದೆ, ಅಂದರೆ ಬರೀ ಪಿಸುಮಾತು. ಆದರೆ ಊರ ನಡುವೆ ಇರುವುದು ಪೇಟೆ. ಎಣ್ಣೆ ಗಾಣ, ಹಿಟ್ಟಿನ ಗಿರಣಿ, ತಾಮ್ರದ ಪಾತ್ರೆ ಬಡಿಯುವವರು, ಇವರ ಗದ್ದಲದಲ್ಲಿ ಪಿಸುಮಾತು ಯಾರಿಗೆ ಕೇಳೀತು?

ಶಂಭಯ್ಯ ಎಲ್ಲವನ್ನೂ ಕೇಳಿಸಿಕೊಂಡು, ಬಳೆ ಕೇರಿಯೇ ಆಗಲಿ ಎಂದ. ಮಲ್ಲಾಜಮ್ಮ ಅನುಮಾನಿಸಿದಳು. ಅವನು ಅವಳ ಕಡೆಗೆ ತಿರುಗದೆ ನನಗೇ ಹೇಳಿದ: “ನನ್ನ ದನಿ ಹೋದ್ರೆ ಅವಳು ನನ್ನ ಮುಖ ನೋಡ್ತಾಳೆ. ಅವಳ ದನಿ ಹೋದ್ರೆ ನನಗೆ ಅವಳೇ ಇಲ್ಲ.”

ಮಲ್ಲಾಜಮ್ಮ ಒಪ್ಪಿದಳು. ನನ್ನ ಮನೆಯಿಂದ ಕೂಗಳತೆಯಲ್ಲಿ, ಕುಲುಮೆಗೆ ಹತ್ತಿರದಲ್ಲಿ, ಬೇವಿನ ಮರವಿದ್ದ ಒಂದು ಮನೆ ಕೊಡಿಸಿದೆ. ನಾವು ಮೂವರೂ ಸಂಜೆ ಬಾಗಿಲು ಹಾಕಿಕೊಂಡ ಮೇಲಿನ ಹೊತ್ತನ್ನೇ ನೆನೆದೆವು. ದಾರಿಯಲ್ಲಿ ಅವನಿಗೆ ದನಿ ಬೇಕಾಗಬಹುದು ಎನ್ನುವುದು ಯಾರಿಗೂ ಹೊಳೆಯಲಿಲ್ಲ.

ಕೆಲವು ತಿಂಗಳು ಅವರು ಸುಖವಾಗಿದ್ದರು. ಸಂಜೆ ನಾನು ಜಗಲಿಯಲ್ಲಿ ಕೂತಿದ್ದರೆ ಮಲ್ಲಾಜಮ್ಮನ ಮಾತು ಗಾಳಿಯಲ್ಲಿ ತೇಲಿ ಬರುತ್ತಿತ್ತು. ಅವನು ಬಾಗಿಲಿಗೆ ಬಂದ ಕೂಡಲೇ ಶುರುವಾಗುತ್ತಿತ್ತು. ಇವತ್ತು ಗಾಜು ಯಾವ ಬಣ್ಣ, ಯಾರ ಕೈ ಸುಟ್ಟಿತು, ಬೇವಿನ ಮರಕ್ಕೆ ಯಾವ ಹಕ್ಕಿ ಬಂತು, ಪಕ್ಕದ ಮನೆಯವಳು ಯಾವ ಸೀರೆ ಉಟ್ಟು ಎಲ್ಲಿಗೆ ಹೋದಳು. ಅವನಿಗೆ ಕಾಣದ್ದನ್ನೆಲ್ಲ ಅವಳು ತಂದು ಮುಂದೆ ಸುರಿಯುತ್ತಿದ್ದಳು. ದನಿಯಿಲ್ಲದ ಅವನು ಹೂಂ ಎನ್ನುವ ಬದಲು ಅವಳ ಬಳೆಗಳನ್ನು ಬೆರಳಿನಿಂದ ತಾಕಿಸುವ ಸದ್ದೂ ಕೆಲವೊಮ್ಮೆ ಕೇಳುತ್ತಿತ್ತು. ಕಂಡವರ ಮನೆಯ ಮಾತಿಗೆ ಕಿವಿಗೊಡುವುದು ತಪ್ಪೆಂದು ಗೊತ್ತಿದ್ದರೂ ನಾನು ಜಗಲಿ ಬಿಟ್ಟು ಏಳುತ್ತಿರಲಿಲ್ಲ.

ಚಳಿಗಾಲದ ಒಂದು ಸಂಜೆ ಮಲ್ಲಾಜಮ್ಮ ನನ್ನ ಬಾಗಿಲಿಗೆ ಬಂದು ನಿಂತಳು. ಇವರು ಇನ್ನೂ ಬಂದಿಲ್ಲ, ಇವರ ಜೊತೆ ಜಟಕಾದಲ್ಲಿ ಬರುವವರೆಲ್ಲ ಆಗಲೇ ಬಂದಾಯಿತು, ಕೇಳಿದರೆ ಪೇಟೆಯ ಕಡೆಗೆ ಕೈ ತೋರಿಸುತ್ತಾರೆ ಎಂದಳು. ನನಗೆ ಆ ಹೊತ್ತಿಗೆ ದನಿಯಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಅವಳ ಜೊತೆ ಹೊರಟೆ.

ಆಗಿದ್ದು ಇಷ್ಟು, ನಮಗೆ ಆಮೇಲೆ ತಿಳಿಯಿತು. ಹೆದ್ದಾರಿಯಲ್ಲಿ ಮೋರಿಯೊಂದು ಕುಸಿದಿದ್ದರಿಂದ ಜಟಕಾಗಳನ್ನು ಊರೆಲ್ಲ ಬಳಸಿ ಪೇಟೆಯ ಒಳಗಿಂದ ತಿರುಗಿಸಿದ್ದರು. ಜಟಕಾ ಹೊಡೆಯುವವರು ದಿನವಿಡೀ ದಾರಿಯಲ್ಲೇ ಇರುವುದರಿಂದ ಅವರಿಗೆ ದನಿಯೇ ಇರುವುದಿಲ್ಲ. ಆ ಗಾಡಿಯವನು ಪೇಟೆಯಲ್ಲಿ ನಿಲ್ಲಿಸಿ, ಮುಂದಕ್ಕೆ ಬೇರೆ ಗಾಡಿ ಹಿಡಿಯಿರಿ ಎಂದು ಕೈಸನ್ನೆ ಮಾಡಿ, ಎಂದಿನಂತೆ ಇಳಿಯುವ ಗುರುತಿಗೆ ಹಲಗೆ ಬಡಿದ. ಆ ಸನ್ನೆ ಕಂಡವರು ಬೇರೆ ಗಾಡಿ ಹತ್ತಿದರು. ಶಂಭಯ್ಯ ತನ್ನ ಕೇರಿ ಬಂತೆಂದುಕೊಂಡು ಇಳಿದು ನಡೆದುಬಿಟ್ಟ. ಕುಲುಮೆಯ ಹೊಗೆಯ ವಾಸನೆ ಮೂಗಿಗೆ ಬರದಿದ್ದಾಗಲೇ ಅವನಿಗೆ ದಾರಿ ತಪ್ಪಿದ್ದು ಗೊತ್ತಾದದ್ದು. ಕೇಳೋಣವೆಂದರೆ, ಬಳಸು ದಾರಿಯೂ ಅಲೆದದ್ದೂ ಸೇರಿ ಗಂಟಲಲ್ಲಿ ಏನೂ ಉಳಿದಿರಲಿಲ್ಲ. ಚಪ್ಪಾಳೆ ತಟ್ಟಿದ. ಸಂಜೆಯ ಪೇಟೆಯಲ್ಲಿ ತರಕಾರಿಯವರು, ಹೂವಿನವರು, ಕೊಳ್ಳುವವರು ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಇವನದೂ ಅದರಲ್ಲಿ ಒಂದಾಯಿತು. ದಿನವೆಲ್ಲ ಬೀದಿ ಸುತ್ತಿ ಹೂ ಮಾರುವ ಒಬ್ಬಾಕೆ ಅವನ ಕೈ ಹಿಡಿದು ಒಂದು ಕಲ್ಲಿನ ಮೇಲೆ ಕೂರಿಸಿ, ಕುಡಿಯಲು ನೀರು ಕೊಟ್ಟಳು. ಅವಳಿಗೂ ದನಿಯಿಲ್ಲ, ಎಲ್ಲಿಗೆ ಹೋಗಬೇಕೆಂದು ಹೇಳಲು ಇವನಿಗೂ ದನಿಯಿಲ್ಲ.

ನಾವು ಬಳೆ ಕೇರಿಯಿಂದ ಪೇಟೆಯ ಕಡೆಗೆ ಹೊರಟಿದ್ದೆವು. ಮಲ್ಲಾಜಮ್ಮನ ದನಿ ಆ ದಿನ ಒಂದು ಚೂರೂ ಸವೆಯದೆ ಪೂರ್ತಿ ಇತ್ತು. ಅವಳು ಗಂಡನ ಹೆಸರು ಹಿಡಿದು ಕೂಗತೊಡಗಿದಳು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಅದರಲ್ಲೂ ಸಂಜೆ ಬೀದಿಯಲ್ಲಿ ಹೆಸರು ಕೇಳುವುದೇ ಅಪರೂಪ. ಜನ ಬಾಗಿಲಿಗೆ ಬಂದು ನೋಡಿದರು. ಅವಳು ಯಾರನ್ನೂ ಲೆಕ್ಕಿಸಲಿಲ್ಲ. ಸಂದಿಗೊಂದಿಗಳ ಬಾಯಲ್ಲಿ ನಿಂತು ಕೂಗಿದಳು, ಛತ್ರದ ಮುಂದೆ ಕೂಗಿದಳು, ಸೌದೆ ಡಿಪೋದ ಬೇಲಿಯಾಚೆಗೆ ಕೂಗಿದಳು. ನೆಟ್ಟಗೆ ಹೋಗದೆ ಸಂದಿ ಸಂದಿ ಸುತ್ತಿದ್ದರಿಂದ ಅರ್ಧ ದಾರಿಯೇ ಇಡೀ ದಾರಿಯಷ್ಟಾಯಿತು, ನಡೆದಂತೆಲ್ಲ ಅದು ತನ್ನ ಪಾಲು ತೆಗೆದುಕೊಳ್ಳುತ್ತಿತ್ತು. ಮೊದಲು ದನಿ ಒಡೆಯಿತು, ಆಮೇಲೆ ಸಣ್ಣದಾಯಿತು. ನಾನು ಅವಳ ಭುಜ ಹಿಡಿದು, ಇಲ್ಲಿ ಬೇಡ, ಪೇಟೆಗೆ ಹೋಗಿ ಕೂಗು, ಉಳಿಸಿಕೋ ಎಂದು ಸನ್ನೆ ಮಾಡಿದೆ. ಅವಳಿಗೆ ಅರ್ಥವಾಯಿತು, ಆದರೂ ನಿಲ್ಲಿಸಲಾಗಲಿಲ್ಲ. ಪೇಟೆಯ ಬಾಯಿಗೆ ಬಂದು ಹೆಸರಿನ ಮೊದಲಕ್ಷರ ಕೂಗಿದಳು. ಉಳಿದದ್ದು ಬರೀ ಉಸಿರಾಗಿ ಬಂತು.

ಅವಳು ಕೂಗುತ್ತ ಬಂದದ್ದು ಶಂಭಯ್ಯನಿಗೆ ಕೇಳಿತ್ತು. ಹೆಂಚಿನೊಳಗಿನ ಬಿರುಕು ಕೇಳುವ ಕಿವಿ ಅದು. ಎಷ್ಟೋ ದೂರವಿದ್ದಾಗಲೇ ಕೇಳಿತ್ತು. ಎದ್ದು ದನಿಯ ಕಡೆಗೆ ಹೋಗಲು ನೋಡಿದ. ಆದರೆ ದನಿ ಒಮ್ಮೆ ಎಡಕ್ಕೆ ಕೇಳಿತು, ಒಮ್ಮೆ ಬಲಕ್ಕೆ, ಒಮ್ಮೆ ಯಾವುದೋ ಗೋಡೆಗೆ ಬಡಿದು ಹಿಂದಿನಿಂದ ಬಂತು. ನಡೆದರೆ ಇನ್ನಷ್ಟು ತಪ್ಪಿಸಿಕೊಳ್ಳುತ್ತೇನೆ ಎಂದು ಅವನಿಗೆ ಅನ್ನಿಸಿತು. ದನಿ ಸಣ್ಣದಾಗುತ್ತ ಹೋದಾಗ ಅವಳು ದೂರ ಹೋಗುತ್ತಿದ್ದಾಳೆಂದು ಮೊದಲು ತಿಳಿದ. ಆಮೇಲೆ, ಇಲ್ಲ, ಹತ್ತಿರ ಬರುತ್ತಿದ್ದಾಳೆ, ಬರುತ್ತ ಬರುತ್ತ ದನಿ ಮುಗಿಯುತ್ತಿದೆ ಎಂದು ಗೊತ್ತಾಯಿತಂತೆ.

ದನಿ ನಿಂತ ಮೇಲೆ ಪೇಟೆಯಲ್ಲಿ ನಾವು ಇಬ್ಬರು ಹೆಂಗಸರು, ಆ ಜನರ ನಡುವೆ ಅವನು, ಮೂವರಿಗೂ ಮಾತಿಲ್ಲ. ಮಲ್ಲಾಜಮ್ಮ ಗಂಡಸರ ಮುಖಗಳನ್ನೆಲ್ಲ ನೋಡುತ್ತ ನಡೆದಳು. ಕತ್ತಲು ಇಳಿಯುತ್ತಿತ್ತು. ಕಲ್ಲುಕಟ್ಟೆಗಳ ಮೇಲೆ, ಅಂಗಡಿಗಳ ಮರೆಯಲ್ಲಿ ಕೂತವರು ಬರೀ ನೆರಳುಗಳಾಗಿ ಕಾಣುತ್ತಿದ್ದರು. ನನಗೆ ಆಸೆ ಬತ್ತುತ್ತ ಬಂತು. ಒಬ್ಬ ಮನುಷ್ಯ ಆ ನೆರಳುಗಳಲ್ಲಿ ಎಲ್ಲಿ ಕೂತಿದ್ದರೂ ನಾವು ಪಕ್ಕದಲ್ಲೇ ಹಾದು ಹೋಗಬಹುದಾಗಿತ್ತು.

ಆಗ ಅವಳು ನನ್ನ ಕೈಯನ್ನು ಬಿಗಿಯಾಗಿ ಹಿಡಿದಳು. ಮಿಠಾಯಿ ಅಂಗಡಿಯ ಮುಂದೆ ಗ್ಯಾಸ್‌ಲೈಟು ತೂಗುಹಾಕಿದ್ದರು. ಅದರ ಸರಿ ಕೆಳಗೆ, ಬೆಳಕು ಅತಿ ಜೋರಾಗಿ ಬೀಳುವ ಜಾಗದಲ್ಲಿ, ಶಂಭಯ್ಯ ಮುಖ ಎತ್ತಿಕೊಂಡು ನೆಟ್ಟಗೆ ನಿಂತಿದ್ದ. ಹುಳುಗಳು ತಲೆಯ ಸುತ್ತ ಹಾರಾಡುತ್ತಿದ್ದವು, ಕೊಳ್ಳುವವರು ಅವನನ್ನು ಆಚೀಚೆ ತಳ್ಳುತ್ತಿದ್ದರು. ಅವನು ಅಲುಗಿರಲಿಲ್ಲ. ಗ್ಯಾಸ್‌ಲೈಟಿನ ಬುಸುಗುಡುವ ಸದ್ದನ್ನು ಹಿಡಿದು ತಡವರಿಸಿಕೊಂಡು ಬಂದು ಅದರಡಿ ನಿಂತಿದ್ದ. ತನಗೆ ಎಂದೂ ಬೇಕಾಗದ ಬೆಳಕಿನಲ್ಲಿ, ಅವಳಿಗೆ ಕಾಣಲೆಂದು.

ಮಲ್ಲಾಜಮ್ಮ ಹೋಗಿ ಅವನ ಮುಂದೆ ನಿಂತಳು. ಕೂಡಲೇ ಮುಟ್ಟಲಿಲ್ಲ. ಬಳೆಗಳು ಸದ್ದು ಮಾಡಿದವು, ಅವನ ಮುಖ ಸಡಿಲವಾಯಿತು. ಅವಳು ಅವನ ಎರಡೂ ಕೈ ತೆಗೆದುಕೊಂಡು ತನ್ನ ಕೆನ್ನೆಗೆ ಒತ್ತಿಕೊಂಡಳು. ಕೆನ್ನೆ ಒದ್ದೆಯಾಗಿದ್ದದ್ದು ಅವನಿಗೆ ಹಾಗೆ ತಿಳಿಯಿತು. ಮಿಠಾಯಿ ಅಂಗಡಿಯವನು ಏನೋ ಅರ್ಥವಾದವನಂತೆ ಒಂದು ಪೊಟ್ಟಣ ಕಟ್ಟಿ ಅವಳ ಸೆರಗಿಗೆ ಹಾಕಿದ. ನಾವು ನಡೆದೇ ಬಂದೆವು. ಮೂವರೂ ಸುಮ್ಮನೆ ಬಂದೆವು, ಅಷ್ಟು ಸುಮ್ಮನಿರುವುದು ನನಗೆ ಅದಕ್ಕೆ ಮೊದಲು ಎಂದೂ ಕಷ್ಟವೆನ್ನಿಸಿರಲಿಲ್ಲ.

ಮರುದಿನ ಬೆಳಗ್ಗೆ ದನಿ ಬಂದ ಕೂಡಲೇ ಇಬ್ಬರೂ ನನ್ನ ಮನೆಗೆ ಬಂದರು. ಅವರು ರಾತ್ರಿ ಕೈ ಕೈ ಮುಟ್ಟಿಯೇ ಎಲ್ಲ ಮಾತಾಡಿ ಮುಗಿಸಿದ್ದಾರೆ ಎಂದುಕೊಂಡಿದ್ದೆ. ಇಲ್ಲ, ಜಗಳವನ್ನು ಬೆಳಗಿಗೆ ಉಳಿಸಿಕೊಂಡಿದ್ದರು. ಊರ ನಡುವೆಯೇ ಮನೆ ಬೇಕು ಎಂದಳು ಮಲ್ಲಾಜಮ್ಮ. ಅರ್ಧ ದನಿ ಉಳಿದರೆ ಪಕ್ಕದಲ್ಲಿ ಕೂತವರನ್ನಾದರೂ ಇವರು ಕೇಳಬಹುದು, ಇದು ಯಾವ ಜಾಗ ಎಂದು. ಶಂಭಯ್ಯ ಒಪ್ಪಲಿಲ್ಲ. ಒಂದು ದಿನ ಮೋರಿ ಕುಸಿದದ್ದಕ್ಕೆ ದಿನವೂ ಅವಳ ದನಿ ಸವೆಸುವುದು ಬೇಡ, ತಾನು ಇನ್ನು ಮೇಲೆ ಹುಷಾರಾಗಿರುತ್ತೇನೆ ಎಂದ.

“ಸಂಜೆ ನಿನ್ನ ಮಾತು ಕೇಳೋಕೇ ಅಲ್ವಾ ನಾನು ಅಷ್ಟು ದೂರ ಬರೋದು,” ಎಂದ. “ಅದನ್ನೇ ಅರ್ಧ ಮಾಡ್ಕೊಂಡ್ರೆ ನನಗೇನು ಉಳೀತು?”

ಮಲ್ಲಾಜಮ್ಮ ಅವನ ಮುಂದೆ ಬಂದು ಕೂತಳು. ಆಮೇಲೆ ಹೇಳಿದಳು: “ನಿನ್ನೆ ನನ್ನ ದನಿ ಪೂರ್ತಿ ಇತ್ತಲ್ಲ. ಅದನ್ನ ಇಟ್ಕೊಂಡು ಏನು ಮಾಡ್ದೆ? ಬೀದಿಗೆ ಸುರಿದು ಬಂದೆ. ನೀವು ಒಂದು ಸಲ ‘ಇಲ್ಲಿದೀನಿ’ ಅಂದಿದ್ರೆ ಸಾಕಾಗಿತ್ತು. ನನಗೆ ಅಷ್ಟು ಬೇಕು. ಅಷ್ಟು ದನಿ ನಿಮ್ಮ ಹತ್ರ ಇರ್ಬೇಕು.”

ಶಂಭಯ್ಯ ತಲೆ ತಗ್ಗಿಸಿ ಕೂತ. ಆಮೇಲೆ ನನ್ನ ಕಡೆಗೆ ಮುಖ ಮಾಡಿ, “ಪೇಟೆಯಲ್ಲಿ ಸದ್ದಿಲ್ಲದ ಮನೆ ಎಲ್ಲಿ ಸಿಗುತ್ತೆ ಅಕ್ಕ?” ಎಂದು ಕೇಳಿದ. ಒಪ್ಪಿದ್ದಾನೆ ಎಂದು ಹಾಗೆ ಗೊತ್ತಾಯಿತು.

ಸಿಗುತ್ತದೆ ಎಂದು ನನಗೂ ನಂಬಿಕೆಯಿರಲಿಲ್ಲ. ಆ ಚಳಿಗಾಲವೆಲ್ಲ ನಾನು ಪೇಟೆಯ ಸಂದುಗಳಲ್ಲಿ ಓಡಾಡಿದೆ. ಖಾಲಿ ಮನೆಯ ಒಳಗೆ ಹೋಗಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ. ಒಂದರಲ್ಲಿ ಗಾಣದ ಕಿರುಗುಟ್ಟು, ಒಂದರಲ್ಲಿ ಗಿರಣಿಯ ಬೆಲ್ಟಿನ ಬಡಿತ. ದೇವಸ್ಥಾನದ ಹಿಂದಿನ ಒಂದು ಮನೆ ಚೆನ್ನಾಗಿತ್ತು, ಆದರೆ ಪೂಜೆಯ ಗಂಟೆ ಸರಿಯಾಗಿ ಇವರು ಮಾತಿಗೆ ಕೂರುವ ಹೊತ್ತಿಗೇ ಶುರುವಾಗುತ್ತಿತ್ತು. ಆ ದಿನಗಳಲ್ಲಿ ಶಂಭಯ್ಯನ ಜೊತೆಗೆ ಕಾರ್ಖಾನೆಯ ಒಬ್ಬರು ಬಳೆ ಕೇರಿಯವರೆಗೆ ಬಂದು ಬಿಟ್ಟು ಹೋಗುತ್ತಿದ್ದರು. ಯಾರಾದರೂ ಎಷ್ಟು ದಿನ ಹಾಗೆ ಬರಲಾದೀತು? ಮಲ್ಲಾಜಮ್ಮ ಸಂಜೆಯಾದರೆ ಬೀದಿಯ ತುದಿಗೆ ಹೋಗಿ ನಿಲ್ಲುತ್ತಿದ್ದಳು. ಅವಳು ಕೆಲಸದಲ್ಲಿ ಮನಸ್ಸಿಲ್ಲದೆ ಕೈ ಸುಟ್ಟುಕೊಂಡಳೆಂದೂ ಕೇಳಿದೆ.

ಕೊನೆಗೆ ಸಿಕ್ಕಿದ್ದು ಹತ್ತಿ ಮಂಡಿಯ ಹಿಂದಿನ ಮನೆ. ಮೂರು ಕಡೆಯೂ ಹತ್ತಿ ತುಂಬಿದ ಗೋದಾಮುಗಳು, ಮಾಡಿನವರೆಗೆ ಒಟ್ಟಿದ ಹತ್ತಿಯ ಮೂಟೆಗಳು. ನಾಲ್ಕನೆಯ ಕಡೆ ಒಂದು ಕಿರಿದಾದ ಓಣಿ. ಅದನ್ನು ಯಾರಿಗೂ ತೋರಿಸಿಯೇ ಇರಲಿಲ್ಲ, ಏಕೆಂದರೆ ಅಲ್ಲಿ ಕಿಟಕಿ ತೆರೆದರೆ ಗೋದಾಮಿನ ಗೋಡೆ, ನಡುಮಧ್ಯಾಹ್ನವೂ ದೀಪ ಬೇಕು. ಮನೆಯ ಯಜಮಾನರೇ ಅದನ್ನು ಕೊಟ್ಟಿಗೆ ಮಾಡುವ ಯೋಚನೆಯಲ್ಲಿದ್ದರು. ಒಳಗೆ ಹೋಗಿ ಕಣ್ಣು ಮುಚ್ಚಿ ನಿಂತೆ. ನನ್ನ ಉಸಿರು ನನಗೇ ಕೇಳಿತು. ಹೊರಗಿನ ಪೇಟೆಯನ್ನೆಲ್ಲ ಹತ್ತಿ ನುಂಗಿಬಿಟ್ಟಿತ್ತು.

ಮುಂದಿನ ಸೋಮವಾರ ಅವರನ್ನು ಕರೆದುಕೊಂಡು ಹೋದೆ. ಹೋಗುವ ದಾರಿಯಲ್ಲೇ, ಬೆಳಕಿಲ್ಲ, ನೋಡಿ ಬೇಡವೆನ್ನಿಸಿದರೆ ಬೇಡ ಎಂದು ಹೇಳಿದ್ದೆ. ಶಂಭಯ್ಯ ನಕ್ಕು, ಆ ಒಂದು ಕೊರತೆ ತನ್ನ ಲೆಕ್ಕಕ್ಕೆ ಬರುವುದಿಲ್ಲ ಎಂದ. ನಾನು ಮಲ್ಲಾಜಮ್ಮನನ್ನು ನೋಡಿದೆ. ಅವಳು ನಡುಮನೆಯಲ್ಲಿ ನಿಂತು ಸುತ್ತ ನೋಡುತ್ತಿದ್ದಳು. ದಿನವೆಲ್ಲ ಕುಲುಮೆಯ ಬಾಯಿ ನೋಡುತ್ತ ಕೂತಿರುತ್ತೇನೆ, ಕಣ್ಣು ಮುಚ್ಚಿದರೂ ಕೆಂಪಾಗಿಯೇ ಕಾಣುತ್ತದೆ, ಈ ಕತ್ತಲು ತಣ್ಣಗಿದೆ ಎಂದಳು. ಶಂಭಯ್ಯ ಗೋಡೆಗಳನ್ನು ಬೆರಳಿನಿಂದ ಬಡಿಯುತ್ತ ಮನೆಯನ್ನೆಲ್ಲ ಒಂದು ಸುತ್ತು ಹಾಕಿದ. ಅಡುಗೆಮನೆಯ ಮೂಲೆಯಲ್ಲಿ ನಿಂತು, ಇಲ್ಲಿ ಗೋಡೆ ಟೊಳ್ಳಾಗಿದೆ, ಇಲಿ ಇರಬೇಕು ಎಂದ. ಮಲ್ಲಾಜಮ್ಮ ಒಂದು ಬೆಕ್ಕು ಸಾಕೋಣ ಎಂದಳು. ಮನೆ ಹಾಗೆ ನಿಶ್ಚಯವಾಯಿತು.

ಅವರು ಬಿಟ್ಟು ಹೋದ ಮೇಲೆ ಬೇವಿನ ಮರದ ಮನೆಗೆ ಬೇರೆಯವರು ಬಂದರು. ನನ್ನ ಜಗಲಿಗೆ ಸಂಜೆಯ ಮಾತು ಕೇಳುವುದು ನಿಂತಿತು. ಇಷ್ಟು ವರ್ಷ ಇಲ್ಲದ ಬೇಸರ ಆಗ ಶುರುವಾಯಿತು. ಹೋಗಿ ನೋಡಿ ಬರಬೇಕೆಂದು ದಿನವೂ ಅಂದುಕೊಳ್ಳುತ್ತಿದ್ದೆ. ಹೋದರೆ ದನಿಯಿಲ್ಲದೆ ಹೋಗಬೇಕು, ಸುಮ್ಮನೆ ಕೂತು ಬರಬೇಕು ಎಂದು ಹಿಂಜರಿಯುತ್ತಿದ್ದೆ. ಯುಗಾದಿ ಕಳೆದ ಮೇಲೆ ಒಂದು ಸಂಜೆ ಪೇಟೆಯ ಕೆಲಸ ಮುಗಿಸಿದವಳು ಗಟ್ಟಿ ಮನಸ್ಸು ಮಾಡಿ ಆ ಓಣಿಗೆ ತಿರುಗಿದೆ.

ಬಾಗಿಲು ತೆರೆದೇ ಇತ್ತು. ಒಳಗಿನಿಂದ ಏನೂ ಕೇಳಲಿಲ್ಲ. ಇಣುಕಿ ನೋಡಿದರೆ, ಅಡುಗೆಮನೆಯ ಹೊಸ್ತಿಲಲ್ಲಿ ಇಬ್ಬರೂ ಎದುರುಬದುರು ಕೂತಿದ್ದರು. ಮಲ್ಲಾಜಮ್ಮನ ಹುಬ್ಬು ಗಂಟಿಕ್ಕಿತ್ತು, ಶಂಭಯ್ಯನ ಮುಖ ಬಿಗಿದಿತ್ತು. ಜೋರು ಜಗಳ ನಡೆಯುತ್ತಿತ್ತು. ಆದರೆ ದನಿ ಅರ್ಧವೇ ಇದ್ದದ್ದರಿಂದ ಅವನು ಒಂದು ಮಾತು ಹೇಳಬೇಕಾದರೆ ಅವಳ ಕಿವಿಯವರೆಗೆ ಬಾಗಬೇಕಾಗಿತ್ತು. ಅವಳು ಅದಕ್ಕೆ ಎದುರಾಡಬೇಕಾದರೆ ಅವನ ಹೆಗಲು ಹಿಡಿದು ಕಿವಿಗೆ ಬಾಯಿ ಹಚ್ಚಬೇಕಾಗಿತ್ತು. ಹೀಗೆ ಸಿಟ್ಟಿನಲ್ಲಿ ಒಬ್ಬರ ಕಿವಿಗೆ ಒಬ್ಬರು ಬಾಗಿ ಬಾಗಿ, ಹಣೆಗೆ ಹಣೆ ತಾಕುತ್ತಿತ್ತು.

ನಾನು ಒಳಗೆ ಹೋದ ಸದ್ದಿಗೆ ಶಂಭಯ್ಯ ಕಿವಿ ನಿಮಿರಿಸಿದ. ನನ್ನ ನಡಿಗೆ ಅವನಿಗೆ ಗುರುತಿತ್ತು. ಇಬ್ಬರೂ ನನ್ನನ್ನು ನಡುವೆ ಕೂರಿಸಿಕೊಂಡರು. ಒಂದು ಕಿವಿಗೆ ಮಲ್ಲಾಜಮ್ಮ ಹೇಳಿದಳು: ಕಾರ್ಖಾನೆಯಿಂದ ಬರುವಾಗ ಮಿಠಾಯಿ ತನ್ನಿ ಎಂದರೆ ಇವರು ಬರೀ ಖಾರದ ತಿಂಡಿ ತರುತ್ತಾರೆ. ಇನ್ನೊಂದು ಕಿವಿಗೆ ಶಂಭಯ್ಯ ಹೇಳಿದ: ಖಾರ ತಿಂದರೆ ಗಂಟಲಿಗೆ ಒಳ್ಳೆಯದು ಎಂದು ಇವಳಿಗೆ ಯಾರಾದರೂ ಹೇಳಬೇಕು.

“ನೀವೇ ಹೇಳಿ ಅಕ್ಕ, ಯಾರದು ತಪ್ಪು?” ಎಂದು ಅವಳು ನನ್ನ ಗಲ್ಲ ಹಿಡಿದು ತಿರುಗಿಸಿದಳು. ಅವಳ ಉಸಿರು ನನ್ನ ಕೆನ್ನೆಗೆ ತಾಕಿತು. ಅಷ್ಟು ಹತ್ತಿರ ಬಂದು ನನ್ನ ಜೊತೆ ಯಾರಾದರೂ ಮಾತಾಡಿ ಬಹಳ ವರ್ಷಗಳಾಗಿದ್ದವು. ನನಗೆ ದನಿಯಿರಲಿಲ್ಲ. ಅವಳ ಮುಂದಿದ್ದ ಪೊಟ್ಟಣದಿಂದ ಒಂದು ಹಿಡಿ ಖಾರ ತೆಗೆದು ಬಾಯಿಗೆ ಹಾಕಿಕೊಂಡೆ. ಶಂಭಯ್ಯ ಅದು ಕರುಂ ಎಂದದ್ದನ್ನು ಕೇಳಿ, ಗೆದ್ದವನಂತೆ ತೊಡೆ ತಟ್ಟಿಕೊಂಡು ನಕ್ಕ. ಮಲ್ಲಾಜಮ್ಮ ನನ್ನ ಬೆನ್ನಿಗೊಂದು ಗುದ್ದಿ, ನನಗೂ ಸೇರಿಸಿ ರೊಟ್ಟಿ ತಟ್ಟಲು ಎದ್ದಳು.